ಕೊನೆಯ ಕೀಮೋ ಮುಗಿಯಿತು, ಮುಂದಿನ ಹೊಣೆ ಯಾರದು?

ಕ್ಯಾನ್ಸರ್ ಕುರಿತ ಸರ್ಕಾರಿ ಘೋಷಣೆಗಳಿಗೆ ಈಚೆಗೆ ಬರವಿಲ್ಲ. 2025ರ ಫೆಬ್ರುವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್, ಮೂರು ವರ್ಷಗಳೊಳಗೆ ದೇಶದ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರಗಳನ್ನು (ದಾಖಲಾಗದೆ, ಅಂದೇ ಚಿಕಿತ್ಸೆ ಪಡೆದು ಮನೆಗೆ ಮರಳುವ ಕೇಂದ್ರಗಳು) ತೆರೆಯುವುದಾಗಿ ಹೇಳಿತು. ಮೊದಲ ವರ್ಷದ ಗುರಿ 200 ಕೇಂದ್ರಗಳು. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಆರಂಭಿಸಿತು. ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಜಿಎಸ್‌ಟಿ ರದ್ದಾಯಿತು. ಅದಕ್ಕೂ ಹಿಂದೆ, 2024ರಲ್ಲಿ, ‘ಕ್ಯಾನ್ಸರ್ ಇದ್ದವರಿಗೂ ವಿಮಾ ಕಂಪನಿಗಳು ಪಾಲಿಸಿ ನಿರಾಕರಿಸುವಂತಿಲ್ಲ’ ಎಂಬ ತಲೆಬರಹಗಳು ಬಂದಿದ್ದವು.

ಚಿಕಿತ್ಸೆ ಮುಗಿಸಿ ಮನೆಗೆ ಬಂದವರು ಇವನ್ನೆಲ್ಲ ಓದಿ ಕೇಳುವ ಪ್ರಶ್ನೆ ಸರಳವಾದದ್ದು: ಇದರಲ್ಲಿ ನನಗೆ ಸಂಬಂಧಿಸಿದ್ದು ಯಾವುದು? ಉತ್ತರ ಹುಡುಕಹೊರಟರೆ ವಿಚಿತ್ರವಾದ ಗೋಜಲು ಎದುರಾಗುತ್ತದೆ. ಆರೋಗ್ಯ ಯೋಜನೆಗಳ ಲೆಕ್ಕದಲ್ಲಿ ಆ ವ್ಯಕ್ತಿ ಗುಣಮುಖ, ಕಡತ ಮುಚ್ಚಿದೆ. ವಿಮಾ ಕಂಪನಿಯ ಲೆಕ್ಕದಲ್ಲಿ ಅದೇ ವ್ಯಕ್ತಿ ಇಂದಿಗೂ ರೋಗಿ. ನೆರವು ಕೊಡಬೇಕಾದಲ್ಲಿ ಆರೋಗ್ಯವಂತ, ಬಾಗಿಲು ತೆರೆಯಬೇಕಾದಲ್ಲಿ ಕಾಯಿಲೆಯವ. ಚಿಕಿತ್ಸೆಯ ನಂತರದ ಬದುಕಿನ ತೊಡಕುಗಳಲ್ಲಿ ಹೆಚ್ಚಿನವು ಈ ಎರಡು ಲೆಕ್ಕಗಳ ನಡುವೆ ಹುಟ್ಟಿದವು.

‘ಕ್ಯಾನ್ಸರ್ ಮುಕ್ತ’ ಎಂದರೆ ಏನು

ನಟ ಶಿವರಾಜ್‌ಕುಮಾರ್ ಅವರಿಗೆ 2024ರ ಡಿಸೆಂಬರ್ 24ರಂದು ಅಮೆರಿಕದ ಮಿಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ನಡೆಯಿತು. ಮೂತ್ರಕೋಶವನ್ನು ತೆಗೆದು, ಕರುಳಿನ ಭಾಗದಿಂದಲೇ ಹೊಸ ಮೂತ್ರಕೋಶ ರೂಪಿಸಲಾಗಿದೆ ಎಂದು ವೈದ್ಯರೇ ತಿಳಿಸಿದರು. ಹೊಸ ವರ್ಷದ ದಿನ ವಿಡಿಯೊ ಮೂಲಕ ಅವರು ಕ್ಯಾನ್ಸರ್ ಮುಕ್ತರಾದ ಸಿಹಿಸುದ್ದಿ ಬಂದಾಗ ಕನ್ನಡಿಗರು ನಿಟ್ಟುಸಿರು ಬಿಟ್ಟರು. ಅಭಿಮಾನಿಗಳ ಮಟ್ಟಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ವೈದ್ಯಕೀಯವಾಗಿ ನೋಡಿದರೆ, ಅಂಥ ಶಸ್ತ್ರಚಿಕಿತ್ಸೆಗೆ ಒಳಗಾದ ಯಾರಿಗೇ ಆದರೂ ಹೊಸ ಅಂಗದೊಂದಿಗೆ ಹೊಂದಿಕೊಳ್ಳುವ, ನಿಯಮಿತ ತಪಾಸಣೆಗೆ ಹೋಗುವ ದೀರ್ಘ ಅವಧಿ ಆಗತಾನೇ ಶುರುವಾಗಿರುತ್ತದೆ.

ವರದಿ ‘ನೆಗೆಟಿವ್’ ಬಂದಿದೆ ಎಂದರೆ ಈಗಿರುವ ಪರೀಕ್ಷೆಗಳ ಕಣ್ಣಿಗೆ ಕಾಣುವಂಥ ಗೆಡ್ಡೆ ಉಳಿದಿಲ್ಲ ಎಂದರ್ಥ. ಮರುಕಳಿಸುವ ಸಾಧ್ಯತೆ ಕ್ಯಾನ್ಸರ್‌ನ ಬಗೆ, ಹಂತ ಮತ್ತು ಕಳೆದ ಕಾಲವನ್ನು ಅವಲಂಬಿಸಿರುತ್ತದೆ. ಹಲವು ಬಗೆಗಳಲ್ಲಿ ಮೊದಲ ಎರಡು–ಮೂರು ವರ್ಷ ಅಪಾಯ ಹೆಚ್ಚು. ಆಮೇಲೆ ಇಳಿಯುತ್ತಾ ಹೋಗುತ್ತದೆ. ಹಾರ್ಮೋನ್ ಸ್ಪಂದನೆಯುಳ್ಳ (ದೇಹದ ಹಾರ್ಮೋನಿನಿಂದ ಬೆಳೆಯುವ) ಸ್ತನ ಕ್ಯಾನ್ಸರ್ ಇದಕ್ಕೆ ಅಪವಾದ, ಹತ್ತು ವರ್ಷ ದಾಟಿದ ಮೇಲೂ ಮರಳಬಹುದು. ಅದಕ್ಕಾಗಿಯೇ ಐದರಿಂದ ಹತ್ತು ವರ್ಷ ದಿನಕ್ಕೊಂದು ಹಾರ್ಮೋನ್ ಮಾತ್ರೆ ನುಂಗಬೇಕಾಗುತ್ತದೆ.

ಇಂಥವರ ಸಂಖ್ಯೆ ಸಣ್ಣದೇನಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 14 ಲಕ್ಷ ಹೊಸ ಪ್ರಕರಣಗಳು ಕಂಡುಬಂದವು, 9 ಲಕ್ಷಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಹಿಂದಿನ ಐದು ವರ್ಷಗಳಲ್ಲಿ ರೋಗ ಪತ್ತೆಯಾಗಿ ಬದುಕಿರುವವರು ಸುಮಾರು 32 ಲಕ್ಷ. ಐದು ವರ್ಷ ದಾಟಿದವರು ಈ ಎಣಿಕೆಯಲ್ಲಿ ಸೇರಿಲ್ಲ. ತಪಾಸಣೆ ಹೆಚ್ಚಿ, ಚಿಕಿತ್ಸೆ ಜಿಲ್ಲೆಗೆ ಬಂದರೆ ಈ ಸಂಖ್ಯೆ ಬೆಳೆಯಲೇಬೇಕು. ಯೋಜನೆ ಫಲಿಸಿದ್ದಕ್ಕೆ ಅದೇ ಗುರುತು. ಹಾಗೆ ಉಳಿದವರ ಪಾಡೇನು ಎಂಬುದು ಯೋಜನೆಯ ಭಾಗವಾಗಿಲ್ಲ ಎನ್ನುವುದೇ ಸಮಸ್ಯೆ.

ದೇಹದಲ್ಲಿ ಉಳಿದುಹೋಗುವುದು

ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವುದು ಬಾಯಿಯ ಕ್ಯಾನ್ಸರ್. ಗುಟ್ಕಾ, ತಂಬಾಕು ಬೆರೆಸಿದ ಎಲೆ ಅಡಿಕೆ ಇದರ ಮುಖ್ಯ ಕಾರಣ. ಚಿಕಿತ್ಸೆಯ ನಂತರದ ಕಥೆಯನ್ನು ಅರಿಯಲು ಇದೊಂದನ್ನೇ ಹತ್ತಿರದಿಂದ ನೋಡಿದರೂ ಸಾಕು.

ಶಸ್ತ್ರಚಿಕಿತ್ಸೆಯ ಬಳಿಕ ಹಲವರಿಗೆ ಆರು–ಏಳು ವಾರ ರೇಡಿಯೇಷನ್ ಕೊಡುತ್ತಾರೆ. ಹಳ್ಳಿಗಳಲ್ಲಿ ಇದನ್ನೇ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಆ ಕಿರಣಗಳು ಗೆಡ್ಡೆಯ ಜೊತೆಗೆ ಜೊಲ್ಲು ಗ್ರಂಥಿಗಳನ್ನೂ ಸುಡುತ್ತವೆ. ಜೊಲ್ಲು ಕಡಿಮೆಯಾದರೆ ಬಾಯಿ ಸದಾ ಒಣಗಿರುತ್ತದೆ, ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಅಂಬಲಿ–ಗಂಜಿಯಲ್ಲೇ ದಿನ ದೂಡಬೇಕು. ಹಲ್ಲನ್ನು ಕಾಯುವುದೂ ಜೊಲ್ಲೇ. ಅದಿಲ್ಲದ ಮೇಲೆ ಒಂದೆರಡು ವರ್ಷದಲ್ಲಿ ಹಲ್ಲುಗಳು ಬುಡದಿಂದ ಹುಳುಕಾಗತೊಡಗುತ್ತವೆ. ನೋವು ತಾಳದೆ ಆ ವ್ಯಕ್ತಿ ಊರಿನ ದಂತವೈದ್ಯರ ಬಳಿ ಹೋಗುತ್ತಾನೆ. ಹಿಂದೆ ರೇಡಿಯೇಷನ್ ಆಗಿತ್ತು ಎಂಬುದು ಅವರಿಗೆ ಗೊತ್ತಿಲ್ಲದಿದ್ದರೆ ಹಲ್ಲು ಕೀಳುತ್ತಾರೆ. ಕಿರಣ ತಾಗಿದ ದವಡೆಯ ಮೂಳೆಗೆ ರಕ್ತ ಸಂಚಾರ ಕಡಿಮೆ. ಕಿತ್ತ ಜಾಗ ಮಾಯದೆ ಮೂಳೆಯೇ ಕೊಳೆಯಬಹುದು. ಕ್ಯಾನ್ಸರ್ ಗೆದ್ದು ಬಂದವನು ಹುಳುಕು ಹಲ್ಲಿನ ದೆಸೆಯಿಂದ ಮತ್ತೆ ಶಸ್ತ್ರಚಿಕಿತ್ಸೆಗೆ ಹೋಗುವ ಪರಿಸ್ಥಿತಿ ಹೀಗೆ ಹುಟ್ಟುತ್ತದೆ. ಇದನ್ನು ತಪ್ಪಿಸಲು ಬೇಕಿದ್ದದ್ದು ರೇಡಿಯೇಷನ್‌ಗೆ ಮೊದಲು ಹಲ್ಲಿನ ಪರೀಕ್ಷೆ, ಆಮೇಲೆ ದಿನವೂ ಫ್ಲೋರೈಡ್ ಬಳಕೆ, ಮತ್ತು ‘ಈ ದವಡೆಗೆ ಕಿರಣ ಕೊಡಲಾಗಿದೆ’ ಎಂದು ದಂತವೈದ್ಯರಿಗೆ ಅರ್ಥವಾಗುವಂತೆ ಬರೆದ ಒಂದು ಸಾಲು.

ಅದೇ ಕಿರಣಗಳು ದವಡೆಯ ಸ್ನಾಯುಗಳನ್ನು ಬಿಗಿ ಮಾಡುತ್ತವೆ. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ಹಿಡಿಸಬೇಕು ಎನ್ನುವುದು ಸುಲಭದ ಅಳತೆ. ಎರಡೇ ಹಿಡಿದರೆ ತೊಂದರೆ ಶುರುವಾಗಿದೆ ಎಂದರ್ಥ. ಐಸ್‌ಕ್ರೀಮ್ ಕಡ್ಡಿಯಂಥ ಮರದ ಪಟ್ಟಿಗಳನ್ನು ಹಲ್ಲುಗಳ ನಡುವೆ ಪೇರಿಸಿ, ದಿನಕ್ಕೆ ಹಲವು ಬಾರಿ ಬಾಯಿ ಅಗಲಿಸುವ ವ್ಯಾಯಾಮಕ್ಕೆ ಖರ್ಚೇ ಇಲ್ಲ. ಆದರೆ ಬೇಗ ಶುರು ಮಾಡಿದರೆ ಮಾತ್ರ ಫಲ. ಕುತ್ತಿಗೆಗೆ ಕಿರಣ ಕೊಟ್ಟಿದ್ದರೆ ಥೈರಾಯ್ಡ್ ಗ್ರಂಥಿಯೂ ಸೋಲಬಹುದು. ಆಗ ಬರುವ ಸುಸ್ತು, ಮಂಕು, ತೂಕದ ಹೆಚ್ಚಳವನ್ನು ‘ಕ್ಯಾನ್ಸರ್ ಆಗಿತ್ತಲ್ಲ, ಹಾಗೇ ಇರುತ್ತದೆ’ ಎಂದು ಬದಿಗೆ ಸರಿಸಲಾಗುತ್ತದೆ. ಒಂದು ರಕ್ತಪರೀಕ್ಷೆಯಿಂದ ಪತ್ತೆಯಾಗಿ, ಅಗ್ಗದ ಮಾತ್ರೆಯಿಂದ ಸರಿಹೋಗುವಂಥದ್ದು ವರ್ಷಗಟ್ಟಲೆ ಕಾಡುತ್ತದೆ.

ಹೆಂಗಸರಲ್ಲಿ ಮೊದಲ ಸ್ಥಾನ ಸ್ತನ ಕ್ಯಾನ್ಸರ್‌ಗೆ. ಕಂಕುಳಿನ ಗ್ರಂಥಿಗಳನ್ನು ತೆಗೆದ ಕಡೆ ತೋಳು ಬಾತುಕೊಳ್ಳಬಹುದು. ‘ಆ ಕೈಯಲ್ಲಿ ಏನನ್ನೂ ಎತ್ತಬೇಡಿ’ ಎಂಬ ಹಳೆಯ ಸಲಹೆ ಇಂದಿಗೂ ಚಾಲ್ತಿಯಲ್ಲಿದೆ. ನಿಧಾನವಾಗಿ ಭಾರ ಹೆಚ್ಚಿಸುತ್ತಾ ಮಾಡುವ ವ್ಯಾಯಾಮದಿಂದ ಬಾವು ಹೆಚ್ಚುವುದಿಲ್ಲ ಎಂದು 2009ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಕೂಲಿ ಕೆಲಸದ ಹೆಣ್ಣುಮಗಳಿಗೆ ಈ ಎರಡು ಸಲಹೆಗಳ ನಡುವಿನ ವ್ಯತ್ಯಾಸ ಎಂದರೆ ದಿನಗೂಲಿ ಇದೆಯೋ ಇಲ್ಲವೋ ಎಂಬಷ್ಟು. ಡಾಕ್ಸೊರುಬಿಸಿನ್‌ನಂಥ ಕೀಮೋ ಔಷಧಗಳು ಹೃದಯವನ್ನು ದುರ್ಬಲಗೊಳಿಸಬಹುದು. ಹಾರ್ಮೋನ್ ಮಾತ್ರೆಗಳಲ್ಲಿ ಕೆಲವು ಮೂಳೆಯನ್ನು ಸವೆಸುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಕೈಕಾಲಿನ ಬೆರಳುಗಳಲ್ಲಿ ಜೋಮು ಉಳಿಸಿಹೋಗಬಹುದು.

ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದವರಲ್ಲಿ ಯೋನಿ ಕಿರಿದಾಗುವುದು, ಅಕಾಲದಲ್ಲಿ ಮುಟ್ಟು ನಿಲ್ಲುವುದು ಸಾಮಾನ್ಯ. ದಾಂಪತ್ಯದ ಈ ಮಗ್ಗುಲನ್ನು ಕೇಳಲು ಹೆಂಗಸರಿಗೆ ಸಂಕೋಚ, ಹೇಳಲು ವೈದ್ಯರಿಗೆ ಪುರುಸೊತ್ತಿಲ್ಲ. ಸಂತಾನ ಸಾಮರ್ಥ್ಯದ ವಿಷಯವಂತೂ ಚಿಕಿತ್ಸೆಗೆ ಮೊದಲೇ ಮಾತಾಡಬೇಕಾದದ್ದು; ಮುಗಿದ ಮೇಲೆ ನೆನಪಾದರೆ ಕಾಲ ಮಿಂಚಿರುತ್ತದೆ.

ಹೆಚ್ಚು ಸ್ಕ್ಯಾನ್, ಹೆಚ್ಚು ಸುರಕ್ಷೆಯೇ?

ಚಿಕಿತ್ಸೆ ಮುಗಿದವರಲ್ಲಿ ಎರಡು ಗುಂಪುಗಳು ಕಾಣುತ್ತವೆ. ಒಂದು, ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ ಎಲ್ಲ ಕೂಡಿಸಿ ನೋಡಿ ಫಾಲೋಅಪ್ ಬಿಡುವವರು. ಇನ್ನೊಂದು, ಹಣವಿದ್ದು ಭಯವೂ ಇದ್ದು ಆರಾರು ತಿಂಗಳಿಗೆ ಇಡೀ ದೇಹದ ಸ್ಕ್ಯಾನ್ ಮಾಡಿಸುವವರು. ಇಬ್ಬರಿಗೂ ನಷ್ಟವೇ.

ಸ್ತನ ಕ್ಯಾನ್ಸರ್‌ನ ನಂತರ ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ವೈದ್ಯರ ಪರೀಕ್ಷೆ, ವರ್ಷಕ್ಕೊಂದು ಮ್ಯಾಮೊಗ್ರಾಮ್ ಎಂಬುದು ಒಪ್ಪಿತ ಕ್ರಮ. ಯಾವ ಲಕ್ಷಣವೂ ಇಲ್ಲದವರಿಗೆ ಪೆಟ್ ಸ್ಕ್ಯಾನ್ ಅಥವಾ ರಕ್ತದಲ್ಲಿ ಗೆಡ್ಡೆಯ ಸುಳಿವು ಹುಡುಕುವ ಟ್ಯೂಮರ್ ಮಾರ್ಕರ್ ಪರೀಕ್ಷೆಯನ್ನು ರೂಢಿಯಾಗಿ ಮಾಡಿಸುವಂತೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದಿಲ್ಲ. ಅದರಿಂದ ಆಯುಷ್ಯ ಹೆಚ್ಚುವುದಿಲ್ಲ ಎಂಬುದೇ ಕಾರಣ. ಸಂಶಯಾಸ್ಪದ ಚುಕ್ಕೆಯೊಂದು ಕಂಡರೆ ಬಯಾಪ್ಸಿ, ಮತ್ತೊಂದು ಸ್ಕ್ಯಾನ್, ನಿದ್ದೆಗೆಟ್ಟ ವಾರಗಳು ಹಿಂಬಾಲಿಸುತ್ತವೆ. ಪ್ಯಾಕೇಜ್ ಮಾರುವವರು ಇದನ್ನು ಹೇಳುವುದಿಲ್ಲ. ಹೀಗೆಂದು ಎಲ್ಲ ಕ್ಯಾನ್ಸರ್‌ಗಳಿಗೂ ಒಂದೇ ನಿಯಮ ಹಾಕಲಾಗದು. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಸಿಇಎ ಎಂಬ ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆ ಮತ್ತು ಸಿಟಿ ಸ್ಕ್ಯಾನ್‌ಗೆ ನಿಶ್ಚಿತ ಸ್ಥಾನವಿದೆ. ತನ್ನ ಬಗೆಯ ಕ್ಯಾನ್ಸರ್‌ಗೆ ಯಾವುದು, ಎಷ್ಟು ಕಾಲ ಬೇಕು ಎಂಬುದು ರೋಗಿಯ ಕೈಯಲ್ಲಿ ಬರಹದಲ್ಲಿ ಇರಬೇಕು.

ಪ್ರಯಾಣದ ಹೊರೆಗೆ ಸಂಬಂಧಿಸಿ, ಗೊತ್ತಿಲ್ಲದೆ ಕಳೆದುಕೊಳ್ಳುವ ಸೌಲಭ್ಯವೊಂದಿದೆ. ರೈಲ್ವೆ ಕ್ಯಾನ್ಸರ್ ರೋಗಿಗಳಿಗೆ ಕೊಡುವ ರಿಯಾಯಿತಿ ಚಿಕಿತ್ಸೆಗಷ್ಟೇ ಸೀಮಿತವಲ್ಲ, ಕಾಲಕಾಲದ ಚೆಕಪ್‌ಗೂ ಅನ್ವಯಿಸುತ್ತದೆ. ಸ್ಲೀಪರ್ ಮತ್ತು ತೃತೀಯ ದರ್ಜೆ ಎಸಿಯಲ್ಲಿ ರೋಗಿಗೆ ಪೂರ್ತಿ ವಿನಾಯಿತಿ, ಜೊತೆಗಾರರಿಗೆ ಶೇ 75. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಸಹಿ, ಮೊಹರು ಹಾಕಿಸಿಕೊಳ್ಳಬೇಕು.

ಮನಸ್ಸಿನ ಲೆಕ್ಕ

ಚಿಕಿತ್ಸೆ ನಡೆಯುವಾಗ ದಿನಾಂಕಗಳಿದ್ದವು, ನರ್ಸ್‌ಗಳಿದ್ದರು, ಪಕ್ಕದ ಹಾಸಿಗೆಯವರ ಪರಿಚಯವಿತ್ತು. ಅದು ಮುಗಿದ ಮರುದಿನದಿಂದ ಯಾರೂ ಇಲ್ಲ. ಸಣ್ಣ ತಲೆನೋವು ಬಂದರೂ ‘ಮತ್ತೆ ಬಂತೇ’ ಎಂಬ ಅಂಜಿಕೆ. ಸ್ಕ್ಯಾನ್ ತಾರೀಖು ಹತ್ತಿರವಾದಂತೆ ಅದು ಏರುತ್ತದೆ. ಮನೆಯವರಿಗೆ ‘ಮುಗಿಯಿತಲ್ಲ, ಇನ್ನೇಕೆ ಚಿಂತೆ’ ಎಂಬ ಬೇಸರ. ಮಗಳ ಮದುವೆಗೆ ತೊಡಕಾದೀತು ಎಂದು ತಾಯಿಯ ಸ್ತನ ಕ್ಯಾನ್ಸರನ್ನು ಬಂಧುಬಳಗದಿಂದ ಮುಚ್ಚಿಡುವ ಮನೆಗಳು ಕಡಿಮೆಯಿಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ಆನುವಂಶಿಕವಾದವು ಶೇ 5ರಿಂದ 10 ಮಾತ್ರ. ಮುಚ್ಚಿಟ್ಟಷ್ಟೂ ಅವರು ಒಂಟಿಯಾಗುತ್ತಾರೆ, ಊರಿನ ಆಶಾ ಕಾರ್ಯಕರ್ತೆಗೂ ವಿಷಯ ತಿಳಿಯುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡದಲ್ಲೂ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಅದನ್ನು ಕ್ಯಾನ್ಸರ್‌ಗೆಂದೇ ರೂಪಿಸಿದ್ದಲ್ಲ. ಆದರೂ ಡಿಸ್ಚಾರ್ಜ್ ಚೀಟಿಯ ಕೆಳಗೆ ಆ ಐದು ಅಂಕಿಗಳನ್ನು ಮುದ್ರಿಸಲು ಯಾವ ಬಜೆಟ್ಟೂ ಬೇಕಿಲ್ಲ.

ವಿಶ್ರಾಂತಿಯೇ? ನಡಿಗೆಯೇ? ಪಥ್ಯವೇ?

2025ರ ಜೂನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಚಾರದಲ್ಲಿ ಬಹುಕಾಲದ ಊಹೆಗೆ ಗಟ್ಟಿ ಪುರಾವೆ ಕೊಟ್ಟಿತು. ಕೆನಡಾ, ಆಸ್ಟ್ರೇಲಿಯಾ ಮುಂತಾದೆಡೆ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿಸಿದ 889 ಮಂದಿಯನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಆರೋಗ್ಯ ಮಾಹಿತಿಯ ಪುಸ್ತಿಕೆ ಮಾತ್ರ. ಇನ್ನೊಂದಕ್ಕೆ ಮೂರು ವರ್ಷ ತರಬೇತುದಾರರ ನೆರವಿನ ವ್ಯಾಯಾಮ. ಎಂಟು ವರ್ಷದ ಬಳಿಕ ವ್ಯಾಯಾಮದ ಗುಂಪಿನಲ್ಲಿ ಶೇ 90ರಷ್ಟು, ಪುಸ್ತಿಕೆಯ ಗುಂಪಿನಲ್ಲಿ ಶೇ 83ರಷ್ಟು ಮಂದಿ ಬದುಕಿದ್ದರು. ಹೊಸ ಔಷಧವೊಂದು ಇಷ್ಟು ಫಲ ಕೊಟ್ಟಿದ್ದರೆ ಅದಕ್ಕೆ ಲಕ್ಷಗಟ್ಟಲೆ ಬೆಲೆ ಇರುತ್ತಿತ್ತು.

ಇದನ್ನು ‘ವಾಕಿಂಗ್ ಮಾಡಿ, ಕ್ಯಾನ್ಸರ್ ಓಡಿಸಿ’ ಎಂದು ಹಂಚಿದವರು ಎರಡು ಸಂಗತಿ ಮರೆತರು. ಅಧ್ಯಯನದಲ್ಲಿದ್ದವರು ಚಿಕಿತ್ಸೆಯನ್ನು ಪೂರ್ತಿ ಪಡೆದವರು. ನಡಿಗೆ ಅದರ ಬದಲಿಗೆ ಬಂದದ್ದಲ್ಲ. ಎರಡನೆಯದು, ಪುಸ್ತಿಕೆಯ ಗುಂಪಿಗೂ ವ್ಯಾಯಾಮ ಒಳ್ಳೆಯದು ಎಂಬ ಬುದ್ಧಿಮಾತು ಸಿಕ್ಕಿತ್ತು. ವ್ಯತ್ಯಾಸ ತಂದದ್ದು ಮೂರು ವರ್ಷ ಬೆನ್ನುಬಿಡದೆ ವಿಚಾರಿಸುತ್ತಿದ್ದ ಮನುಷ್ಯ. ನಮ್ಮ ವ್ಯವಸ್ಥೆಯಲ್ಲಿ ಸಲಹೆಗೆ ಕೊರತೆಯಿಲ್ಲ, ಆ ಮನುಷ್ಯನಿಗಿದೆ.

ಸಲಹೆಯೂ ಸರಿಯಾದ ಕಡೆಯಿಂದ ಬರದಿದ್ದಾಗ ಏನಾಗುತ್ತದೆ ಎಂಬುದಕ್ಕೆ 2024ರ ನವೆಂಬರ್ ಸಾಕ್ಷಿ. ಅರಿಸಿನ, ಬೇವು, ಸಕ್ಕರೆ ಬಿಟ್ಟ ಪಥ್ಯದಿಂದ ಪತ್ನಿ ನಾಲ್ಕನೇ ಹಂತದ ಕ್ಯಾನ್ಸರ್ ಗೆದ್ದರು ಎಂದು ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಹೇಳಿದರು. ಅದಕ್ಕೆ ಪುರಾವೆಯಿಲ್ಲ, ಚಿಕಿತ್ಸೆ ಮುಂದೂಡಬೇಡಿ ಎಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಹಾಲಿ, ಮಾಜಿ ತಜ್ಞರು 262 ಮಂದಿ ಸಹಿ ಹಾಕಿದ ಹೇಳಿಕೆ ಹೊರಡಿಸಬೇಕಾಯಿತು. ಆ ಹೇಳಿಕೆ ಬರುವ ಹೊತ್ತಿಗೆ ಸಿಧು ಅವರ ವಿಡಿಯೊ ಎಷ್ಟು ಮನೆ ತಲುಪಿತ್ತೋ. ‘ನಾನು ಏನು ತಿನ್ನಬೇಕು’ ಎಂದು ಕೇಳಿದವರಿಗೆ ಹೊರರೋಗಿ ವಿಭಾಗದಲ್ಲಿ ಐದು ನಿಮಿಷ ಸಿಗದಿದ್ದರೆ, ಆ ಐದು ನಿಮಿಷವನ್ನು ವಾಟ್ಸ್‌ಆ್ಯಪ್ ಕೊಡುತ್ತದೆ.

ವಿಮೆ: ಸುದ್ದಿ ಒಂದು, ನಿಯಮ ಇನ್ನೊಂದು

ಹೆಚ್ಚು ಗೊಂದಲವಿರುವುದು ಇಲ್ಲಿ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿದ ಬದಲಾವಣೆಗಳಲ್ಲಿ ಕೆಲವು ಸ್ಪಷ್ಟ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ 48 ತಿಂಗಳಿನಿಂದ 36 ತಿಂಗಳಿಗೆ ಇಳಿಯಿತು. ಸತತ ಐದು ವರ್ಷ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ‘ಕಾಯಿಲೆ ಮುಚ್ಚಿಟ್ಟಿದ್ದೀರಿ’ ಎಂಬ ನೆಪದಲ್ಲಿ ಕ್ಲೇಮು ತಳ್ಳಿಹಾಕುವಂತಿಲ್ಲ. ಮೊದಲು ಇದು ಎಂಟು ವರ್ಷವಿತ್ತು.

ಮೂರನೆಯದರಲ್ಲಿ ಅರ್ಥ ಕೆಟ್ಟಿತು. ಎಲ್ಲ ವಯಸ್ಸಿನವರಿಗೆ, ಎಲ್ಲ ಬಗೆಯ ಆರೋಗ್ಯ ಸ್ಥಿತಿಯವರಿಗೆ ಹೊಂದುವಂಥ ಪಾಲಿಸಿಗಳನ್ನು ಕಂಪನಿಗಳು ರೂಪಿಸಬೇಕು ಎಂದು ಪ್ರಾಧಿಕಾರ ಹೇಳಿತು. ಸುದ್ದಿಯಲ್ಲಿ ಅದು ‘ಕ್ಯಾನ್ಸರ್ ರೋಗಿಗಳ ಅರ್ಜಿ ತಿರಸ್ಕರಿಸುವಂತಿಲ್ಲ’ ಎಂದಾಯಿತು. ಅಂಗಡಿಯಲ್ಲಿ ಸರಕು ಇರಬೇಕು ಎನ್ನುವುದಕ್ಕೂ ಬಂದವರಿಗೆಲ್ಲ ಕೈಗೆಟುಕುವ ಬೆಲೆಗೆ ಕೊಡಲೇಬೇಕು ಎನ್ನುವುದಕ್ಕೂ ಅಂತರವಿದೆ. ಅಪಾಯದ ಅಂದಾಜು ಮಾಡುವ, ಕಂತು ಏರಿಸುವ, ಕೆಲವು ಷರತ್ತು ಹಾಕುವ ಅಧಿಕಾರ ಕಂಪನಿಯ ಬಳಿಯೇ ಉಳಿದಿದೆ. ಹಾಗಾಗಿ ಜಿಎಸ್‌ಟಿ ರದ್ದಾದ ಲಾಭ, ಮೊದಲಿಗೆ ಪಾಲಿಸಿಯೇ ಸಿಗದವರಿಗೆ ಮುಟ್ಟುವುದಿಲ್ಲ.

ಕಂಪನಿಗಳ ವಾದವನ್ನೂ ತಳ್ಳಿಹಾಕಲಾಗದು. ಕಾಯಿಲೆ ಬಂದವರೇ ಹೆಚ್ಚಾಗಿ ವಿಮೆ ಕೊಂಡರೆ ಎಲ್ಲರ ಕಂತೂ ಏರುತ್ತದೆ, ಆರೋಗ್ಯವಂತರು ಹೊರಹೋಗುತ್ತಾರೆ, ಕೊನೆಗೆ ನಿಧಿಯೇ ಸೊರಗುತ್ತದೆ. ಪ್ರಶ್ನೆ ಇರುವುದು ಗಡುವಿನಲ್ಲಿ. ರೋಗ ವಾಸಿಯಾಗಿ ಹತ್ತು ವರ್ಷವಾದವರ ಅಪಾಯವೂ ಕಳೆದ ವರ್ಷ ಚಿಕಿತ್ಸೆ ಮುಗಿಸಿದವರ ಅಪಾಯವೂ ಒಂದೇ ಅಲ್ಲ. ಫ್ರಾನ್ಸ್ ಇದನ್ನು 2016ರಲ್ಲೇ ಕಾನೂನಿಗೆ ತಂದಿತು: ಸಾಲಕ್ಕೆ ಸಂಬಂಧಿಸಿದ ವಿಮೆ ಪಡೆಯುವಾಗ, ನಿಗದಿತ ವರ್ಷಗಳು ಕಳೆದಿದ್ದರೆ ಹಳೆಯ ಕ್ಯಾನ್ಸರನ್ನು ಹೇಳಬೇಕಾಗಿಲ್ಲ. ಹತ್ತು ವರ್ಷವಿದ್ದ ಗಡುವು 2022ರಲ್ಲಿ ಐದಕ್ಕಿಳಿಯಿತು. ಬೆಲ್ಜಿಯಂ, ನೆದರ್ಲೆಂಡ್ಸ್, ಪೋರ್ಚುಗಲ್, ಸ್ಪೇನ್, ಇಟಲಿ ಅದೇ ದಾರಿ ಹಿಡಿದವು. ಭಾರತದಲ್ಲಿ ಅಂಥ ಕಾನೂನು ಇನ್ನೂ ಇಲ್ಲ.

ಬಡವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಈ ತಾಪತ್ರಯವಿಲ್ಲ. ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಅದರ ಕೊರತೆ ಬೇರೆ ಕಡೆಯದು. ಯೋಜನೆಯನ್ನು ಕಟ್ಟಿರುವುದು ದಾಖಲಾತಿ ಮತ್ತು ಪ್ಯಾಕೇಜುಗಳ ಸುತ್ತ. ಡಿಸ್ಚಾರ್ಜ್ ಆದ 15 ದಿನಗಳವರೆಗಿನ ಔಷಧ ಪ್ಯಾಕೇಜಿನಲ್ಲೇ ಸೇರಿದೆ. ಸಾಮಾನ್ಯ ಹೊರರೋಗಿ ಭೇಟಿ ಅದರೊಳಗಿಲ್ಲ. ತೋಳಿನ ಊತಕ್ಕೆ ಫಿಸಿಯೊಥೆರಪಿ, ಒಣಬಾಯಿಗೆ ದಂತಚಿಕಿತ್ಸೆ, ಆಪ್ತಸಮಾಲೋಚನೆ ಎಲ್ಲವೂ ಹೊರರೋಗಿ ವಿಭಾಗದ ಸಂಗತಿಗಳೇ. ಮಧ್ಯಮ ವರ್ಗದವರಿಗೆ ವಿಮೆಯೇ ಸಿಗದು. ಬಡವರಿಗೆ ವಿಮೆ ಇದೆ, ಬೇಕಾದದ್ದು ಅದರಲ್ಲಿಲ್ಲ.

ಕೆಲಸಕ್ಕೆ ಮರಳುವುದು

ವಿಮೆಯ ಬಿಕ್ಕಟ್ಟು ನೇರವಾಗಿ ಉದ್ಯೋಗಕ್ಕೆ ಹೆಣೆದುಕೊಂಡಿದೆ. ಕಂಪನಿ ಕೊಡುವ ಗುಂಪು ವಿಮೆಯಲ್ಲಿ ಹಳೆಯ ಕಾಯಿಲೆಗೂ ಸಾಮಾನ್ಯವಾಗಿ ರಕ್ಷಣೆ ಇರುತ್ತದೆ. ಕೆಲಸ ಬಿಟ್ಟರೆ ಅದೂ ಹೋಗುತ್ತದೆ. ಹೀಗಾಗಿ ಸುಸ್ತು, ಮರೆವು ಕಾಡುತ್ತಿದ್ದರೂ, ಬಡ್ತಿ ತಪ್ಪಿದರೂ ಅದೇ ಕುರ್ಚಿಗೆ ಅಂಟಿಕೊಳ್ಳಬೇಕಾಗುತ್ತದೆ.

ಕಾನೂನಿನ ನೆರವು ತುಂಡುತುಂಡಾಗಿದೆ. ನೌಕರರ ರಾಜ್ಯ ವಿಮಾ ಯೋಜನೆಯ (ಇಎಸ್‌ಐ) ವ್ಯಾಪ್ತಿಯ ಕಾರ್ಮಿಕರಿಗೆ ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಲ್ಲಿ ಎರಡು ವರ್ಷದವರೆಗೆ ಸಂಬಳದ ಶೇ 80ರಷ್ಟು ಸಿಗುವ ಅವಕಾಶವಿದೆ. ತಿಂಗಳ ವೇತನ 21 ಸಾವಿರ ರೂಪಾಯಿ ಮೀರಿದವರು ಅದರ ಹೊರಗೆ. ಎಚ್‌ಐವಿ ಸೋಂಕಿತರನ್ನು ಉದ್ಯೋಗದಲ್ಲಿ ತಾರತಮ್ಯದಿಂದ ಕಾಪಾಡಲು 2017ರ ಕಾಯ್ದೆಯಿದೆ. ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರಿಗೆ ಅಂಥ ಕಾಯ್ದೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲೂ ಕ್ಯಾನ್ಸರ್ ಇಲ್ಲ. ಆದರೆ ಚಿಕಿತ್ಸೆಯಿಂದ ಉಂಟಾದ ನ್ಯೂನತೆ ಕೆಲವೊಮ್ಮೆ ಅದರೊಳಗೆ ಬರುತ್ತದೆ. ಕಾಲು ಕಳೆದುಕೊಂಡರೆ ಚಲನ ವೈಕಲ್ಯ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರನ್ನಂತೂ ಕಾಯ್ದೆಯ ಅನುಸೂಚಿಯೇ ವಾಕ್ ವೈಕಲ್ಯದಡಿ ಹೆಸರಿಸಿ ಸೇರಿಸಿದೆ. ಪ್ರಮಾಣಪತ್ರ ಪಡೆದರೆ, ಸರ್ಕಾರಿ ನೌಕರನನ್ನು ಸೇವಾವಧಿಯಲ್ಲಿ ಬಂದ ವೈಕಲ್ಯದ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಬಾತ ತೋಳಿಗೆ, ತೆರೆಯದ ಬಾಯಿಗೆ, ಜೋಮು ಹಿಡಿದ ಬೆರಳಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ಧ್ವನಿಪೆಟ್ಟಿಗೆಯ ವಿಷಯ ಬಂದದ್ದರಿಂದ ಒಂದು ಮಾತು. ಅದನ್ನು ತೆಗೆಸಿಕೊಂಡವರು ಮಾತಾಡಲು ಗಂಟಲಿನಲ್ಲಿ ಕೂರಿಸುವ ಆಮದು ಸಾಧನದ ಬೆಲೆ ಸಾವಿರಾರು ರೂಪಾಯಿ, ಅದನ್ನು ಆಗಾಗ ಬದಲಿಸಬೇಕು. ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ‘ಓಂ’ ಎಂಬ ಅತ್ಯಗ್ಗದ ಸಾಧನವನ್ನು ರೂಪಿಸಿ ದೇಶದ ಗಮನ ಸೆಳೆದರು. ಸಾಧನ ಅಗ್ಗವಾದದ್ದು ದೊಡ್ಡ ಹೆಜ್ಜೆಯೇ. ಅದನ್ನು ಹಾಕಿ, ಸ್ವಚ್ಛ ಮಾಡುವುದು ಕಲಿಸಿ, ಹೊಸ ದನಿಯಲ್ಲಿ ಮಾತು ರೂಢಿ ಮಾಡಿಸುವ ವಾಕ್ ಚಿಕಿತ್ಸಕರು ಜಿಲ್ಲೆಯಲ್ಲೇ ಸಿಕ್ಕಾಗ ಆ ಹೆಜ್ಜೆ ಪೂರ್ತಿಯಾಗುತ್ತದೆ.

ಹೊಣೆ ಯಾರದು: ಮೂರು ವಾದಗಳು

ಮೊದಲನೆಯದು ಕ್ಯಾನ್ಸರ್ ತಜ್ಞರದು. ಮರುಕಳಿಸಿದ್ದನ್ನು ಬೇಗ ಗುರುತಿಸಲು ಪಳಗಿದ ಕಣ್ಣು ಬೇಕು, ಆದ್ದರಿಂದ ಫಾಲೋಅಪ್ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ ಎಂಬುದು. ಆದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಮೊದಲ ಬಾರಿಗೆ ಬಂದ ರೋಗಿಯೂ ಐದನೇ ವರ್ಷದ ತಪಾಸಣೆಗೆ ಬಂದವರೂ ಒಂದೇ ಸಾಲಿನಲ್ಲಿ ನಿಂತರೆ ಇಬ್ಬರಿಗೂ ಸಮಯ ಸಾಲದು.

ಎರಡನೆಯದು ಆಯವ್ಯಯದ ವಾದ: ಸಾಯುವವರನ್ನು ಉಳಿಸುವುದಕ್ಕೇ ಹಣ ಸಾಲದಿರುವಾಗ ಉಳಿದವರ ನೆಮ್ಮದಿ ಆಮೇಲೆ. ಕೇಳಲು ಸಮಂಜಸವೆನಿಸುತ್ತದೆ. ಆದರೆ ಲಕ್ಷಾಂತರ ಖರ್ಚು ಮಾಡಿ ಉಳಿಸಿದ ಮಹಿಳೆ ಅಡ್ಡಪರಿಣಾಮ ತಾಳಲಾರದೆ ಎರಡನೇ ವರ್ಷಕ್ಕೆ ಹಾರ್ಮೋನ್ ಮಾತ್ರೆ ನಿಲ್ಲಿಸಿದರೆ, ಬಾಯಿಯ ಕ್ಯಾನ್ಸರ್ ವಾಸಿಯಾದವನು ಮತ್ತೆ ಗುಟ್ಕಾ ಹಿಡಿದರೆ, ಮೊದಲ ಖರ್ಚೂ ವ್ಯರ್ಥ, ಎರಡನೇ ಖರ್ಚೂ ಹೆಗಲಿಗೆ.

ಮೂರನೆಯದು, ಅಪಾಯ ಕಡಿಮೆಯಿರುವವರನ್ನು ಊರಿಗೆ ಹತ್ತಿರದ ವೈದ್ಯರಿಗೆ ಒಪ್ಪಿಸುವುದು. 2006ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ ಸ್ತನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡ 968 ಮಹಿಳೆಯರನ್ನು ಗಮನಿಸಿತ್ತು. ಫಾಲೋಅಪ್ ಮಾಡಿದ್ದು ಕುಟುಂಬ ವೈದ್ಯರಾದರೂ ತಜ್ಞರಾದರೂ ಗಂಭೀರ ತೊಡಕುಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ವೈದ್ಯರಿಗೆ ಏನು ನೋಡಬೇಕೆಂಬ ಲಿಖಿತ ಸೂಚನೆ ಇತ್ತು ಎಂಬುದನ್ನು ಇಲ್ಲಿ ಮರೆಯಬಾರದು.

ಪ್ರತಿ ರೋಗಿಗೂ ಚಿಕಿತ್ಸೆಯ ಸಾರಾಂಶ ಮತ್ತು ಮುಂದಿನ ಆರೈಕೆಯ ಯೋಜನೆಯನ್ನು ಬರೆದುಕೊಡಬೇಕೆಂದು ಅಮೆರಿಕದ ವೈದ್ಯಕೀಯ ಸಂಸ್ಥೆ 2005ರಲ್ಲಿ ಶಿಫಾರಸು ಮಾಡಿತ್ತು. ಆಮೇಲಿನ ಪ್ರಯೋಗಗಳಲ್ಲಿ ಕಾಗದ ಕೊಟ್ಟಷ್ಟರಿಂದ ರೋಗಿಗಳ ನೆಮ್ಮದಿ ಹೆಚ್ಚಿದ್ದು ಕಾಣಲಿಲ್ಲ. ಇದನ್ನು ಹಿಡಿದು ‘ಕಾಗದದಿಂದ ಪ್ರಯೋಜನವಿಲ್ಲ’ ಎನ್ನುವವರಿದ್ದಾರೆ. ಆ ದೇಶಗಳಲ್ಲಿ ಹೋಲಿಕೆಯ ಗುಂಪಿಗೂ ಕುಟುಂಬ ವೈದ್ಯರಿದ್ದರು, ಅವರಿಗೆ ಆಸ್ಪತ್ರೆಯ ಪತ್ರ ತಲುಪುತ್ತಿತ್ತು. ನಮ್ಮಲ್ಲಿ ರೋಗಿಯ ಕೈಯಲ್ಲಿರುವುದು ಇಂಗ್ಲಿಷಿನ ಸಂಕ್ಷಿಪ್ತಾಕ್ಷರಗಳಿಂದ ತುಂಬಿದ ದಪ್ಪ ಫೈಲು. ಅಲ್ಲಿ ಸಣ್ಣ ಸುಧಾರಣೆ ಎನಿಸಿದ್ದು ಇಲ್ಲಿ ತಳಪಾಯ.

ಭಾರತದಲ್ಲೇ ಮಾದರಿ ಇದೆ. ಟಾಟಾ ಸ್ಮಾರಕ ಆಸ್ಪತ್ರೆ ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರಿಗಾಗಿ ಚಿಕಿತ್ಸೋತ್ತರ ಕ್ಲಿನಿಕ್ ತೆರೆದದ್ದು 1991ರಲ್ಲಿ. ಬೆಳವಣಿಗೆ, ಹೃದಯ, ಓದು, ಸಂತಾನ ಎಲ್ಲದರ ಮೇಲೂ ಅಲ್ಲಿ ನಿಗಾ ಇಡಲಾಗುತ್ತದೆ. 2009ರಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಸರೆಯಲ್ಲಿ ಹುಟ್ಟಿದ ‘ಉಗಮ್’ ಗುಂಪನ್ನು ಹೀಗೆ ಉಳಿದು ಬೆಳೆದ ಯುವಜನರೇ ನಡೆಸುತ್ತಾರೆ. ಮಕ್ಕಳಿಗೆ ಮೂರು ದಶಕದ ಹಿಂದೆ ಅಗತ್ಯವೆನಿಸಿದ್ದು ದೊಡ್ಡವರಿಗೆ ಇಂದಿಗೂ ವ್ಯವಸ್ಥೆಯಾಗಿ ಬಂದಿಲ್ಲ.

ಜಿಲ್ಲಾ ಕೇಂದ್ರಗಳು ಏನನ್ನು ಎಣಿಸುತ್ತವೆ

ಕರ್ನಾಟಕಕ್ಕೆ ಈಗ ಒಂದು ಅವಕಾಶ ಒದಗಿದೆ. ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭಿಸಿ ಉಳಿದ ಕೀಮೋ ಸುತ್ತುಗಳನ್ನು ಜಿಲ್ಲೆಯಲ್ಲೇ ಕೊಡುವ ಪದ್ಧತಿಯಿಂದ, ಮೊದಲ ಬಾರಿಗೆ ಜಿಲ್ಲಾಸ್ಪತ್ರೆಯ ನರ್ಸ್‌ಗೆ ತನ್ನ ಜಿಲ್ಲೆಯ ಕ್ಯಾನ್ಸರ್ ರೋಗಿಗಳ ಹೆಸರು, ಊರು ಗೊತ್ತಾಗುತ್ತಿದೆ. ಅದೇ ಕಟ್ಟಡದಲ್ಲಿ ದಂತವೈದ್ಯರು, ಫಿಸಿಯೊಥೆರಪಿಸ್ಟ್, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿ ಇದ್ದಾರೆ. 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಡಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಪತ್ತೆಗೆ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಹೋಗುತ್ತಿದ್ದಾರೆ. ಪತ್ತೆಗೆ ಹೋದವರೇ ವಾಸಿಯಾದವರನ್ನೂ ವಿಚಾರಿಸಿ ಬರಬಹುದು: ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಬಾಯಿ ಎಷ್ಟು ತೆರೆಯುತ್ತದೆ, ತಂಬಾಕು ಬಿಟ್ಟಿದ್ದೀರಾ, ಮುಂದಿನ ತಾರೀಖು ಯಾವಾಗ.

ಇದು ತಾನಾಗಿ ಆಗುವುದಿಲ್ಲ. ಸಿಬ್ಬಂದಿಗೆ ತರಬೇತಿ ಬೇಕು, ಹೆಚ್ಚಿನ ಕೈಗಳೂ ಬೇಕು; ಆಶಾ ಕಾರ್ಯಕರ್ತೆಯರ ಮೇಲೆ ಸಂಬಳವಿಲ್ಲದ ಇನ್ನೊಂದು ರಿಜಿಸ್ಟರ್ ಹೇರಿದರೆ ಅದು ತುಂಬುವುದು ಸುಳ್ಳು ಅಂಕಿಗಳಿಂದ. ಸರ್ಕಾರಿ ವ್ಯವಸ್ಥೆಯಲ್ಲಿ ವರದಿಗೆ ಬೇಕಾದ ಕೆಲಸವೇ ಮೊದಲು ನಡೆಯುತ್ತದೆ. ಡೇ ಕೇರ್ ಕೇಂದ್ರದ ಸಾಧನೆಯನ್ನು ತಿಂಗಳಿಗೆ ಎಷ್ಟು ಕೀಮೋ ಕೊಟ್ಟಿತು ಎಂಬ ಒಂದೇ ಸಂಖ್ಯೆಯಿಂದ ಅಳೆದರೆ, ಕೊನೆಯ ಸುತ್ತು ಮುಗಿದ ದಿನವೇ ರೋಗಿಯ ಹೆಸರು ಪಟ್ಟಿಯಿಂದ ಬೀಳುತ್ತದೆ. ಚಿಕಿತ್ಸೆ ಮುಗಿಸಿದವರಲ್ಲಿ ಎಷ್ಟು ಮಂದಿಗೆ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಸಿಕ್ಕಿತು, ಎಷ್ಟು ಮಂದಿ ಒಂದು ವರ್ಷದ ಬಳಿಕವೂ ತಪಾಸಣೆಗೆ ಬರುತ್ತಿದ್ದಾರೆ, ಎಷ್ಟು ಮಂದಿ ದುಡಿಮೆಗೆ ಮರಳಿದರು ಎಂಬ ಮೂರು ಕಾಲಂಗಳನ್ನು ಮಾಸಿಕ ವರದಿಗೆ ಸೇರಿಸುವುದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ; ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.